ಅಡಿಗೆಯವನು ಉಣ್ಣದ ಊಟ

"ಅಮ್ಮ, ಕೈ ಪಳಗಿದ ಮೇಲೂ ಮನುಷ್ಯನಿಗೆ ತಿದ್ದುವವರು ಬೇಕೆ?"

ಶಿಷ್ಯ ಹೀಗೆ ಕೇಳಿದ. ಊರೂರು ತಿರುಗಿ ಹರಿಕಥೆ ಮಾಡಿ ಹೆಸರಾದವನು. ಹೇಳದೆ ಕೇಳದೆ ಬೆಳಗಿನ ಬಸ್ಸಿಗೆ ಬಂದಿದ್ದ. ಕೊಟ್ಟ ನೀರನ್ನೂ ಕುಡಿದಿರಲಿಲ್ಲ.

ಗುರುವಮ್ಮ ಎಲೆಗೆ ಸುಣ್ಣ ಹಚ್ಚಿ ಮಡಿಸಿದರು.

"ಇದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ. ಒಬ್ಬ ಅಡಿಗೆಯವನ ಹತ್ತಿರ ಇದೆ. ಅವನ ಮಾನ ಬೀದಿಗೆ ಬಂದ ಕತೆ. ಕೂತು ಕೇಳು" ಎಂದರು. ಕತೆ ಹೀಗಿತ್ತು.

ಒಂದು ಊರಿನಲ್ಲಿ ಒಂದು ದೇವಸ್ಥಾನ. ಮಧ್ಯಾಹ್ನ ಬಂದವರಿಗೆಲ್ಲ ಅಲ್ಲಿ ಊಟ. ದೇವರಿಗಿಂತ ಊಟದ ಹೆಸರೇ ದೊಡ್ಡದಾಗಿತ್ತು ಎಂದು ಹೇಳಬಾರದು, ಆದರೂ ಹಾಗೇ ಇತ್ತು. ಗರ್ಭಗುಡಿಯ ಕಡೆ ತಲೆ ಕೂಡ ತಿರುಗಿಸದೆ ಸೀದಾ ಎಲೆಯ ಮುಂದೆ ಕೂರುವವರೇ ಹೆಚ್ಚು.

ಅಲ್ಲಿ ಒಬ್ಬ ಅಡಿಗೆಯವನಿದ್ದ. ಮೀಸೆ ಮೂಡುವ ಮೊದಲೇ ಒಲೆಯ ಮುಂದೆ ಕೂತವನು. ಹೆಂಡತಿ ಬೇಗ ತೀರಿಕೊಂಡಿದ್ದಳು. ಮಕ್ಕಳಿಲ್ಲ, ಮನೆಯಿಲ್ಲ. ಉಗ್ರಾಣದ ಪಕ್ಕದ ಕೋಣೆಯಲ್ಲಿ ಒಂದು ಚಾಪೆ, ಒಂದು ಪೆಟ್ಟಿಗೆ. ಆ ಒಲೆಯೊಂದು ತಪ್ಪಿತೆಂದರೆ ಅವನಿಗೆ ಸೂರೂ ಇಲ್ಲ, ಹೇಳಿಕೊಳ್ಳಲು ಹೆಸರೂ ಇಲ್ಲ.

ದೇವಸ್ಥಾನದ ಅಡಿಗೆಗೆ ಒಂದು ಕಟ್ಟಳೆ. ನೈವೇದ್ಯ ಆಗುವ ಮೊದಲು ಅಡಿಗೆಯನ್ನು ನಾಲಿಗೆಗೆ ತಾಗಿಸುವಂತಿಲ್ಲ. ಬಗ್ಗಿ ಮೂಸುವಂತೆಯೂ ಇಲ್ಲ. ಹಬೆಯಲ್ಲಿ ತಾನಾಗಿ ಬಂದ ವಾಸನೆಯಿಂದಲೇ ಉಪ್ಪು, ಹುಳಿ, ಖಾರ ತಿಳಿಯಬೇಕು. ನೈವೇದ್ಯ ಆದ ಮೇಲೆ ತಿನ್ನಬಹುದಲ್ಲ ಎನ್ನುತ್ತೀಯಾ? ಬೆಳಗಿನಿಂದ ಹೊಗೆ ಕುಡಿದ ಹೊಟ್ಟೆಗೆ ತಾನು ಮಾಡಿದ್ದು ಯಾವುದೂ ಸೇರುವುದಿಲ್ಲ. ಕೊನೆಯ ಪಂಕ್ತಿ ಎದ್ದ ಮೇಲೆ ಮಜ್ಜಿಗೆ ಅನ್ನ ಕಲಸಿ ನಾಲ್ಕು ತುತ್ತು ನುಂಗಿದರೆ ಮುಗಿಯಿತು. ಊರೆಲ್ಲ ಉಂಡ ಆ ಊಟವನ್ನು ಉಣ್ಣದವನು ಅವನೊಬ್ಬನೇ.

ಅದೇ ಬೀದಿಯಲ್ಲಿ ಪದ್ದತ್ತೆ ಎಂಬ ಮುದುಕಿ. ಹಿಂದಿನ ಅಡಿಗೆಯವನ ಹೆಂಡತಿ. ಗಂಡ ಸತ್ತ ಮೇಲೆ ಅವಳು ಒಲೆ ಹಚ್ಚಲಿಲ್ಲ. ದುಃಖಕ್ಕಲ್ಲ, ಅವಳಿಗೆ ಅಡಿಗೆಯೇ ಬರುತ್ತಿರಲಿಲ್ಲ. ಗಂಡನೇ ಅಡಿಗೆಯವನಾದರೆ ಹೆಂಡತಿಗೇನು ದರ್ದು? ಮದುವೆಯ ಹೊಸದರಲ್ಲಿ ಅನ್ನ ಸೀಯಿಸಿ, ಅತ್ತೆಗೆ ಹೆದರಿ, ಪಾತ್ರೆ ಸಮೇತ ಹಿತ್ತಲಲ್ಲಿ ಹೂತಿಟ್ಟಿದ್ದಳಂತೆ. ಅತ್ತೆ ಬಸಳೆ ನೆಡಲು ಅಗೆದಾಗ ಪಾತ್ರೆ ಸಿಕ್ಕಿತಂತೆ. ಆ ಬೀದಿಯ ಹೆಂಗಸರು ಇದನ್ನು ಇನ್ನೂ ಸೊಸೆಯಂದಿರಿಗೆ ಹೇಳಿ ನಗುತ್ತಾರೆ.

ಇಂಥವಳು ದಿನವೂ ಕೊನೆಯ ಪಂಕ್ತಿಯಲ್ಲಿ ಕೂತು ಉಣ್ಣುವಳು. ಕೈ ತೊಳೆದು ಅಡಿಗೆಮನೆಯ ಹಿತ್ತಲ ಬಾಗಿಲಿಗೆ ಬಂದು ನಿಲ್ಲುವಳು. ಉಪ್ಪು ಹೆಚ್ಚು, ಹುಳಿ ಕಡಿಮೆ ಎನ್ನುವವಳಲ್ಲ. ಒಂದೇ ಒಂದು ಮಾತು ಕೇಳುವಳು.

"ಗುಂಡಾ, ಸಾರು ಓಡುತ್ತಾ ಇತ್ತಲ್ಲೋ. ಎಲ್ಲಿಗೆ ಹೊರಟಿದ್ದೆ?"

ಇನ್ನೊಂದು ದಿನ, "ಹುಳಿಯಲ್ಲಿ ಜಗಳ ಇತ್ತು. ಯಾರ ಮೇಲೆ?"

ಅಷ್ಟು ಹೇಳಿ ಹೊರಟುಬಿಡುವಳು. ಅಡಿಗೆಯವನು ಮೊದಲು ಗೊಣಗುವನು. ಆಮೇಲೆ ಪಾತ್ರೆ ತೊಳೆಯುತ್ತಾ ನೆನಪಾಗುವುದು. ಹೌದು, ಸೌದೆಯವನ ಜೊತೆ ಬಾಯಿ ಮಾಡಿ ಬಂದು, ಅದೇ ಸಿಟ್ಟಿನಲ್ಲಿ ಒಗ್ಗರಣೆ ಕರಕಲು ಮಾಡಿದ್ದೆ. ಮಾರನೆಯ ದಿನ ಸಿಟ್ಟನ್ನು ಬಾಗಿಲ ಹೊರಗೆ ಬಿಟ್ಟು ಒಲೆಯ ಮುಂದೆ ಕೂರುವನು. ಅವನ ಕೈ ಹೀಗೆ ಪಳಗಿತು. ಕೈಯೊಂದೇ ಅಲ್ಲ, ಮನುಷ್ಯನೂ ಸ್ವಲ್ಪ ಪಳಗಿದ.

ಬೀದಿಯವರಿಗೆ ಮಾತ್ರ ಇದು ಸೇರದು. "ಬಿಟ್ಟಿ ಊಟ, ಅದಕ್ಕೊಂದು ತಪ್ಪು ಬೇರೆ. ಅನ್ನ ಹೂತವಳು ಅಡಿಗೆಯವನಿಗೆ ಬುದ್ಧಿ ಹೇಳುತ್ತಾಳೆ!" ಎನ್ನುವರು.

ಅಡಿಗೆಯವನ ಹೆಸರು ಬೆಳೆಯಿತು. ದೂರದೂರದವರು ಬಂದು ಉಂಡರು. ಊರಿನವರು ಅವನನ್ನು 'ಭಟ್ಟರೇ' ಎಂದರು. ಗುಂಡಾ ಎಂದು ಕರೆಯುವವಳು ಪದ್ದತ್ತೆ ಒಬ್ಬಳೇ ಉಳಿದಳು.

ಒಂದು ಸಲ ದೊಡ್ಡ ಮನೆಯವರ ಉಪನಯನ. ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರು ಪಂಕ್ತಿಯ ನಡುವೆ ಅಡಿಗೆಯವನನ್ನು ಕರೆಸಿ ಶಾಲು ಹೊದಿಸಿದರು. ಉಂಡವರೆಲ್ಲ ಹೊಗಳಿದರು. ಆಗ ಕೊನೆಯ ಸಾಲಿನಿಂದ ಪದ್ದತ್ತೆಯ ದನಿ ಬಂತು.

"ಗುಂಡಾ, ಶಾಲು ಚೆನ್ನಾಗಿದೆ. ಹುಳಿ ಮಾತ್ರ ಬೇರೆ ಯಾರೋ ಮಾಡಿದ ಹಾಗಿತ್ತು. ನೀನೆಲ್ಲಿದ್ದೆ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಡಿಗೆಯವನೂ ನಕ್ಕ. ಒಳಗೆ ಹೋಗಿ ಶಾಲನ್ನು ಸೌದೆಯ ರಾಶಿಯ ಮೇಲೆ ಎಸೆದ. ದಿನವೂ ಹಿತ್ತಲಲ್ಲಿ ಹೇಳುವವಳು ಇವತ್ತೇ ಅಂಗಳದಲ್ಲಿ ಹೇಳಬೇಕಿತ್ತೆ? ಅವನ ಸಿಟ್ಟಿಗೂ ನ್ಯಾಯವಿತ್ತು. ಇಲ್ಲ ಎನ್ನಲಾರೆ.

ಆದರೆ ಅವನು ಮಾಡಿದ್ದು ನೋಡು. ಬಯ್ಯಲಿಲ್ಲ, ಬರಬೇಡ ಎನ್ನಲಿಲ್ಲ. "ಪದ್ದತ್ತೆಗೆ ವಯಸ್ಸಾಯಿತು. ಈ ಬಿಸಿಲಲ್ಲಿ ನಡೆದು ಬರುವುದೇಕೆ? ಅವಳ ಊಟ ಇನ್ನು ಮೇಲೆ ಮನೆಗೇ ಹೋಗಲಿ" ಎಂದ. ಬಡಿಸುವವರಲ್ಲಿ ಒಬ್ಬ ದಿನವೂ ಬುತ್ತಿಯನ್ನು ಅವಳ ಜಗಲಿಯ ಮೇಲಿಟ್ಟು ಬಂದ. ಎಂಥಾ ದೊಡ್ಡ ಮನಸ್ಸು ಎಂದು ಊರು ಕೊಂಡಾಡಿತು. ಬೈದು ಓಡಿಸಿದರೆ ನಾಳೆ ಕರೆಯಬಹುದು. ಉಪಕಾರ ಮಾಡಿ ಓಡಿಸಿದವರನ್ನು ಹೇಗೆ ಕರೆಯುವುದು?

ಹಿತ್ತಲ ಬಾಗಿಲು ಖಾಲಿಯಾಯಿತು.

ಮೊದಮೊದಲು ಅವನಿಗೆ ಹಾಯೆನಿಸಿತು. ಆಮೇಲೆ ಕೊನೆಯ ಪಂಕ್ತಿ ಎದ್ದ ಮೇಲಿನ ಹೊತ್ತು ಉದ್ದವಾಗತೊಡಗಿತು. ಹೇಗಿತ್ತು ಎಂದು ಬಡಿಸುವವರನ್ನು ಕೇಳುವನು. "ಅಮೃತ ಭಟ್ಟರೇ" ಎನ್ನುವರು. ಉಂಡವರನ್ನು ಕೇಳುವನು. ಅವರೂ ಅಮೃತ ಎನ್ನುವರು. ಪೂಜೆಯವರನ್ನು ಕೇಳಿದರೆ, "ದೇವರಿಗೆ ಒಪ್ಪಿದ ಮೇಲೆ ನಮ್ಮದೇನು?" ಎಂದು ಕೈ ಮುಗಿಯುವರು. ಎಲ್ಲರ ಬಾಯಲ್ಲೂ ಒಂದೇ ಮಾತು. ಅದನ್ನು ಹೇಳಿ ಯಾರೂ ನಿಲ್ಲುತ್ತಿರಲಿಲ್ಲ. ಅವನು ಮಜ್ಜಿಗೆ ಅನ್ನ ಕಲಸಿಕೊಂಡು ಗೋಡೆ ನೋಡುತ್ತಾ ಉಣ್ಣುವನು.

ಅಡಿಗೆ ಕೆಟ್ಟಿತ್ತು. ಒಂದು ದಿನ ಉಪ್ಪು ಏರಿದರೆ ಒಂದು ದಿನ ಇಂಗು ಏರಿತು. ಊರಿಗೆಲ್ಲ ಗೊತ್ತು. ಕಾರಣವೂ ಊರಿಗೇ ಗೊತ್ತು. ತುಪ್ಪವನ್ನು ಹಿಂಬಾಗಿಲಿನಿಂದ ಸಾಗಿಸುತ್ತಾನೆ ಎಂದು ಒಬ್ಬರು. ಹೂ ಮಾರುವವಳ ಮೇಲೆ ಕಣ್ಣು, ಅದಕ್ಕೇ ಒಲೆಯ ಮೇಲೆ ಕಣ್ಣಿಲ್ಲ ಎಂದು ಮತ್ತೊಬ್ಬರು. ಕುಡಿಯುತ್ತಾನೆ, ಕುಡಿಯದವನ ಕೈ ಹೀಗೆ ಕೆಡುತ್ತದೆಯೇ ಎಂದು ಮಗದೊಬ್ಬರು. ಬಾವಿಕಟ್ಟೆಯಲ್ಲಿ ಮಾತು, ಅಂಗಡಿಯ ಜಗಲಿಯಲ್ಲಿ ಮಾತು. ಉಪ್ಪು ಖಾರ ಬೇಕಾದಷ್ಟಿದ್ದದ್ದು ಆ ಮಾತಿನಲ್ಲೇ. ಅವನ ಕಿವಿಗೆ ಮಾತ್ರ ಒಂದೂ ಬೀಳಲಿಲ್ಲ. ಅವನು ಬಂದರೆ ಎಲ್ಲರೂ ಮಳೆಯ ಮಾತು ತೆಗೆಯುವರು.

ಒಂದು ಮಧ್ಯಾಹ್ನ ಅವನು ತಡೆಯಲಾರದೆ ಎಂಜಲೆಲೆ ಎಸೆಯುವ ಗುಂಡಿಯ ಬಳಿಗೆ ಹೋದ. ಮಡಿಯಲ್ಲಿರುವ ಅಡಿಗೆಯವನು ಎಂಜಲಿನ ಬಳಿ ಸುಳಿಯುವುದುಂಟೆ? ಕುಕ್ಕರಗಾಲಲ್ಲಿ ಕೂತು ಎಲೆಗಳನ್ನು ನೋಡಿದ. ಅನ್ನ ಮುಗಿದಿತ್ತು, ಉಪ್ಪಿನಕಾಯಿ ಮುಗಿದಿತ್ತು. ಹುಳಿ ಎಲೆಯಲ್ಲೇ ಇತ್ತು. ಒಂದೆಲೆಯಲ್ಲಲ್ಲ, ಎಲ್ಲ ಎಲೆಯಲ್ಲೂ.

ಎಲೆ ಎತ್ತುವ ಹೆಂಗಸು ನೋಡಿ ಬೆಚ್ಚಿದಳು.

"ಅಯ್ಯೋ ಭಟ್ಟರೇ, ಇದೇನು? ಯಾರಾದರೂ ಕಂಡರೆ?"

"ಇದು ಎಷ್ಟು ದಿನದಿಂದ?"

"ನನಗೇನು ಗೊತ್ತು ಸ್ವಾಮಿ. ನನ್ನ ಪಾಲಿಗೆ ಬಂದದ್ದೆಲ್ಲ ಅಮೃತ." ಆಮೇಲೆ ದನಿ ತಗ್ಗಿಸಿ, "ಚೌತಿ ಕಳೆದ ಮೇಲೆ ಬೇರೆ ಅಡಿಗೆಯವರು ಬರುತ್ತಾರಂತಲ್ಲ. ನಿಮಗೆ ಹೇಳಲಿಲ್ಲವೇ?" ಎಂದಳು.

ಯಾರೂ ಹೇಳಿರಲಿಲ್ಲ. ಅವನು ಎಲೆಗಳನ್ನು ಮತ್ತೊಮ್ಮೆ ನೋಡಿದ. ಏನೋ ಕೆಟ್ಟಿದೆ ಎಂದು ತಿಳಿಯಿತು. ಏನು ಕೆಟ್ಟಿದೆ ಎಂದು ತಿಳಿಯಲಿಲ್ಲ. ಅದನ್ನು ಹೇಳಬಲ್ಲವರು ಊರಿನಲ್ಲಿ ಒಬ್ಬರೇ ಇದ್ದರು.

ಮರುದಿನ ಬುತ್ತಿಯನ್ನು ಅವನೇ ತೆಗೆದುಕೊಂಡು ಹೋದ. ಪದ್ದತ್ತೆ ಬಾಗಿಲು ತೆಗೆದಳು. ಕೂರು ಎನ್ನಲಿಲ್ಲ.

"ಭಟ್ಟರು ದಾರಿ ತಪ್ಪಿ ಬಂದರೋ?"

"ಪದ್ದತ್ತೆ, ಹುಳಿ ಹೇಗಿದೆ ಹೇಳು."

"ಈಗ ಕೇಳುತ್ತೀಯಾ? ದಿನವೂ ಊಟ ಕಳಿಸಿದೆ. ಹೇಗಿತ್ತು ಎಂದು ಕೇಳಲು ಒಂದು ನಾಯಿಯನ್ನೂ ಕಳಿಸಲಿಲ್ಲ. ಉಂಡು ಕೈ ತೊಳೆದು ಎದ್ದು ನಿಲ್ಲುತ್ತಿದ್ದೆ. ಯಾರಿಗೆ ಹೇಳಲಿ? ಕಂಬಕ್ಕೆ ಹೇಳಿದೆ. ಹಲ್ಲಿಗೆ ಹೇಳಿದೆ. ನಾನು ನಿನ್ನ ದೇವಸ್ಥಾನಕ್ಕೆ ಬರುತ್ತಿದ್ದದ್ದು ಬರೀ ಅನ್ನಕ್ಕೆ ಅಂದುಕೊಂಡೆಯೇನೋ?"

ಅವನು ತಲೆ ತಗ್ಗಿಸಿ ನಿಂತ. ಅವಳು ಅವನನ್ನು ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿದಳು. ಬಿಟ್ಟುಕೊಡುವ ಹೆಂಗಸಲ್ಲ. ಆಮೇಲೆ ಎಲೆ ಹಾಕಿಕೊಂಡು ಕೂತು ಒಂದು ತುತ್ತು ಉಂಡಳು. ಕಣ್ಣು ಕಿರಿದು ಮಾಡಿದಳು. ಎದ್ದು ಒಳಗೆ ಹೋದಳು.

"ಕಣ್ಣು ಮುಚ್ಚು" ಎಂದಳು. ಅವನ ಮೂಗಿನ ಹತ್ತಿರ ಏನನ್ನೋ ಹಿಡಿದಳು. "ಏನಿದು?"

"ಏನು ಹಿಡಿದಿದ್ದೀಯಾ? ನೀರೇ?"

"ಕಣ್ಣು ಬಿಡು."

ಅವಳ ಕೈಯಲ್ಲಿ ಇಂಗಿನ ಕರಡಿಗೆ ಇತ್ತು. ಮುಚ್ಚಳ ತೆರೆದಿತ್ತು.

ಅಡಿಗೆಯವನು ಕರಡಿಗೆಯನ್ನು ಕಸಿದು ಮೂಗಿಗೆ ಒತ್ತಿ ಹಿಡಿದ, ಏನೂ ಬರಲಿಲ್ಲ. ಬರಬರುತ್ತಾ ವಾಸನೆ ಮಂಕಾಗಿತ್ತು, ಅವನು ಹೊಗೆಯ ಮೇಲೆ ತಪ್ಪು ಹೊರಿಸಿದ್ದ. ರುಚಿ ನೋಡದೆ ಮೂಗನ್ನೇ ನಂಬಿ ಬೇಯಿಸುವವನು. ಮೂಗಿಲ್ಲ ಎಂದು ಹೊರಗೆ ತಿಳಿದರೆ ಚೌತಿಯ ತನಕವೂ ಯಾರೂ ಕಾಯುವುದಿಲ್ಲ.

"ಮುಗಿಯಿತು ಪದ್ದತ್ತೆ" ಎಂದ.

"ಮುಗಿಯಿತು ಎಂದು ಮೊಕ್ತೇಸರರು ಹೇಳುತ್ತಾರೆ. ಅದಕ್ಕೆ ನಾನು ಬೇಕೆ? ಮೂಗು ಹೋಯಿತು. ಉಳಿದದ್ದೇನು, ಅದು ಹೇಳು. ಸಾರು ಹದಕ್ಕೆ ಬಂದಾಗ ಹೇಗೆ ಕಾಣುತ್ತದೆ?"

"ನೊರೆ ಅಂಚಿನಿಂದ ನಡುವಿಗೆ ಬರುತ್ತದೆ."

"ಮೆಂತ್ಯ?"

"ಹದವಾಗುವ ಹೊತ್ತಿಗೆ ಸದ್ದು ಇಳಿಯುತ್ತದೆ."

"ಉಪ್ಪು?"

ಅವನು ತನ್ನ ಅಂಗೈ ನೋಡಿಕೊಂಡ. "ಕೈಗೆ ಗೊತ್ತಿತ್ತು. ಈಚೆಗೆ ಕೈಯನ್ನು ಕೇಳುವುದು ಬಿಟ್ಟಿದ್ದೆ. ವಾಸನೆ ಬರಲಿಲ್ಲ ಎಂದು ಇನ್ನಷ್ಟು ಹಾಕುತ್ತಿದ್ದೆ."

"ನೋಡು, ಇದೊಂದೂ ನನಗೆ ಗೊತ್ತಿಲ್ಲ. ಅನ್ನ ಸೀಯಿಸಿದವಳು ನಾನು. ಎಲ್ಲ ನಿನಗೇ ಗೊತ್ತಿದೆ. ಹಾಗೇ ಮಾಡಿ ನಾಳೆ ತಾ. ಉಂಡು ಹೇಳುತ್ತೇನೆ."

ಅವನು ಮರುದಿನ ಹೋದ. ಅದರ ಮರುದಿನವೂ ಹೋದ. ಅವಳು ಉಂಡು ಒಂದು ಮಾತು ಹೇಳುವಳು. ಅವನು ಅದನ್ನು ಹೊತ್ತು ವಾಪಸು ಬರುವನು. ಎಲೆಗಳು ನಿಧಾನವಾಗಿ ಖಾಲಿಯಾಗತೊಡಗಿದವು.

ಈಗ ಊರಿನ ಬಾಯಿಗೆ ಹಬ್ಬ. ಉರಿಬಿಸಿಲಿಗೆ ಬೀದಿಯ ಬಾಗಿಲೆಲ್ಲ ಮುಚ್ಚಿರುತ್ತದೆ, ಕಿಟಕಿಗಳು ಮಾತ್ರ ನಿದ್ದೆ ಮಾಡುವುದಿಲ್ಲ. ಹೆಂಡತಿ ಇಲ್ಲದ ಗಂಡಸು, ಗಂಡ ಇಲ್ಲದ ಹೆಂಗಸು, ಮುಚ್ಚಿದ ಪಾತ್ರೆ, ದಿನವೂ ಅದೇ ಹೊತ್ತು! "ಛೆ, ಅವಳಿಗೆ ಅವನ ತಾಯಿಯ ವಯಸ್ಸು" ಎಂದರು ಒಬ್ಬರು. "ಹುಣಿಸೆಮರ ಮುಪ್ಪಾದರೆ ಹುಳಿ ಮುಪ್ಪೇ?" ಎಂದರು ಇನ್ನೊಬ್ಬರು. ಹೂ ಮಾರುವವಳಿಗೆ ಬಿಡುಗಡೆಯಾಯಿತು. ಮಾತೆಲ್ಲ ಪದ್ದತ್ತೆಯ ಜಗಲಿಗೆ ಹೋಗಿ ಕೂತಿತು.

ಮೊಕ್ತೇಸರರು ಅಡಿಗೆಯವನನ್ನು ಕರೆಸಿದರು.

"ಭಟ್ಟರೇ, ಊಟ ಮೊದಲಿನ ಹಾಗಾಗಿದೆ. ಬೇರೆಯವರನ್ನು ತರುವ ಮಾತು ಬಿಟ್ಟಿದ್ದೇವೆ. ಆದರೆ ಆ ಮನೆಗೆ ಹೋಗುವುದು ನಿಲ್ಲಬೇಕು. ದೇವರ ಒಲೆಯ ಮುಂದೆ ಕೂರುವವನ ಮೇಲೆ ಮಾತು ಬರಬಾರದು. ಹೋಗುವುದೇ ಆದರೆ ಒಲೆ ಬಿಟ್ಟು ಹೋಗಿ. ಕೈ ಸರಿಯಾಯಿತಲ್ಲ, ಇನ್ನೇನು ಕೆಲಸ ಅಲ್ಲಿ?"

ಅಡಿಗೆಯವನು ಕೈ ಮುಗಿದು ಹೊರಗೆ ಬಂದ. ಕಾರಣ ಹೇಳಿದರೆ ಮೂಗಿಲ್ಲದವನೆಂದು ಒಲೆ ಹೋಗುತ್ತದೆ. ಹೇಳದಿದ್ದರೆ ಮಾನಗೆಟ್ಟವನೆಂದು ಹೋಗುತ್ತದೆ. ಹೋಗುವುದನ್ನೇ ಬಿಟ್ಟರೆ ಒಲೆಯೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಹಾಗೇ ಸ್ವಲ್ಪ ದಿನ ಕಳೆಯಬಹುದು. ಅಮೃತ, ಅಮೃತ ಎಂದು ಕೇಳಿಕೊಂಡು ಮಜ್ಜಿಗೆ ಅನ್ನ ಉಣ್ಣಬಹುದು. ಉಗ್ರಾಣದ ಪಕ್ಕದ ಕೋಣೆಯಲ್ಲಿ ಅವನು ಇದನ್ನೆಲ್ಲ ಯೋಚಿಸಿದ. ಯಾರನ್ನಾದರೂ ಕೇಳೋಣವೆಂದರೆ ಅವನಿಗೆ ಅವಳಲ್ಲದೆ ಇನ್ನೊಬ್ಬರಿರಲಿಲ್ಲ.

ಮರುದಿನ ನೈವೇದ್ಯದ ಗಂಟೆ ಆಯಿತು. ಎಲೆ ಹಾಕಿದರು. ಜನ ಕೂತರು. ಮೊಕ್ತೇಸರರೂ ಕೂತರು. ಆಗ ಅಡಿಗೆಯವನು ಬೀದಿಯ ಬಾಗಿಲಿನಿಂದ ಒಳಗೆ ಬಂದ. ಅವನ ಕೈ ಹಿಡಿದು ಪದ್ದತ್ತೆ. ಕೊನೆಯ ಸಾಲಿನ ಕಡೆ ತಿರುಗಿದವಳನ್ನು ತಡೆದು, ಮೊದಲ ಸಾಲಿನಲ್ಲಿ, ಮೊಕ್ತೇಸರರ ಎದುರಿಗೇ ಕೂರಿಸಿದ. ಕಿಟಕಿಯಲ್ಲಿ ಇಣುಕಿ ನೋಡಬೇಕಾಗಿದ್ದದ್ದು ಎಲೆಯ ಮುಂದೆಯೇ ಬಂದು ಕೂತಿತ್ತು.

ಅವನೇ ಬಡಿಸಿದ. ಅವಳು ಸಾವಕಾಶವಾಗಿ ಉಂಡಳು. ಉಳಿದವರು ಅವಳನ್ನು ನೋಡುತ್ತಾ ಉಂಡರು. ಅವಳು ಪಾಯಸ ಮುಗಿಸಿದ ಮೇಲೆ ಅವನು ಎಲ್ಲರಿಗೂ ಕೇಳುವ ಹಾಗೆ ಕೇಳಿದ.

"ಪದ್ದತ್ತೆ, ಹೇಗಿತ್ತು?"

"ಸಾರು ಸರಿಯಿತ್ತು. ಹುಳಿ ನಿನ್ನದೇ. ಪಾಯಸದಲ್ಲಿ ಹೆದರಿಕೆ ಇತ್ತು ಗುಂಡಾ. ಸಕ್ಕರೆ ಹಾಕಿ ಹಾಕಿ ಮುಚ್ಚಿದ್ದೀಯ."

"ಇತ್ತು" ಎಂದ ಅವನು. ಆಮೇಲೆ ಪಂಕ್ತಿಯ ಕಡೆ ತಿರುಗಿದ. "ನನಗೆ ಮೂಗು ಹೋಗಿದೆ. ಬಹಳ ದಿನವಾಯಿತು. ನೀವು ಯಾರೂ ಹೇಳಲಿಲ್ಲ. ಇವಳು ಹೇಳಿದಳು. ಅದಕ್ಕೆ ಇವಳ ಮನೆಗೆ ಹೋಗುತ್ತಿದ್ದೆ. ಇನ್ನು ಮೇಲೆ ಇವಳು ಇಲ್ಲೇ ಉಣ್ಣಲಿ, ಇಲ್ಲೇ ಹೇಳಲಿ. ಅದಾಗದು ಎಂದರೆ ನನ್ನ ಪೆಟ್ಟಿಗೆ ಕಟ್ಟಿಟ್ಟಿದ್ದೇನೆ."

ಎಲ್ಲರೂ ಮೊಕ್ತೇಸರರ ಮುಖ ನೋಡಿದರು. ಮೊಕ್ತೇಸರರು ತಮ್ಮ ಎಲೆಯನ್ನು ನೋಡಿಕೊಂಡರು. ಅಲ್ಲಿ ಒಂದು ಹನಿ ಹುಳಿಯೂ ಉಳಿದಿರಲಿಲ್ಲ. ಗಂಟಲು ಸರಿಮಾಡಿಕೊಂಡು, "ಪಾಯಸಕ್ಕೆ ಸಕ್ಕರೆ ಹೆಚ್ಚಾದದ್ದು ನಿಜ" ಎಂದರು.

ಅಷ್ಟು ದಿನದಲ್ಲಿ ಪದ್ದತ್ತೆಯಲ್ಲದೆ ಇನ್ನೊಬ್ಬರು ಊಟದ ತಪ್ಪನ್ನು ಅವನ ಎದುರಿಗೆ ಹೇಳಿದ್ದು ಅದೇ ಮೊದಲು. ಒಲೆ ಉಳಿಯಿತು. ಊರಿಗೆ ಮಾತ್ರ ಬೇಸರವಾಯಿತು. ಅಷ್ಟು ಚೆಂದದ ಗುಟ್ಟನ್ನು ಒಂದೇ ಪಂಕ್ತಿಯಲ್ಲಿ ಹಾಳು ಮಾಡಿದನಲ್ಲ ಎಂದು ಬಾವಿಕಟ್ಟೆ ಬಹಳ ದಿನ ಕೊರಗಿತು.

ಪದ್ದತ್ತೆ ಕೈಲಾಗುವ ತನಕ ಬಂದಳು, ಹೇಳಿದಳು. ಕಡೆಗೊಂದು ಚಳಿಗಾಲದಲ್ಲಿ ತೀರಿಕೊಂಡಳು. ಸುಡಲು ಹೋದವರಲ್ಲಿ ಅತ್ತವನು ಅಡಿಗೆಯವನೊಬ್ಬನೇ. ಅದಕ್ಕೂ ಊರು ಏನೋ ಅಂದಿತು, ಬಿಡು. ಮರುದಿನದ ಊಟ ಚೆನ್ನಾಗಿತ್ತಂತೆ. ಚೆನ್ನಾಗಿತ್ತು ಎಂದು ಯಾರು ಹೇಳಿದರೂ ಅವನು ಇನ್ನೂ ಏನೋ ಬಾಕಿ ಇದೆ ಎನ್ನುವ ಹಾಗೆ ಅವರ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದನಂತೆ.

ಗುರುವಮ್ಮ ಕತೆ ನಿಲ್ಲಿಸಿದರು.

ಶಿಷ್ಯ ನಿಟ್ಟುಸಿರು ಬಿಟ್ಟು, "ಆ ಅಡಿಗೆಯವನು ಪುಣ್ಯವಂತ, ಅಮ್ಮ. ಅಂಥವರೊಬ್ಬರು ಸಿಕ್ಕಿದ್ದರು. ನನಗೆ ಎಲ್ಲಿ ಸಿಗಬೇಕು?" ಎಂದ.

"ಯಾರ ಮಾತಿಗೆ ಸಿಟ್ಟಾಗಿ ಇಲ್ಲಿಗೆ ಬಂದೆಯೋ, ಅವರ ಮನೆಯಲ್ಲಿ" ಎಂದರು ಗುರುವಮ್ಮ.

ಶಿಷ್ಯ ಬೆಳಗಿನಿಂದ ಮುಟ್ಟದೆ ಇಟ್ಟಿದ್ದ ನೀರನ್ನು ಕುಡಿದು, ವಾಪಸು ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ.